ಪತ್ರದ ಬೆನ್ನು

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯಿತ್ತು. ಅಜ್ಜಿ ತೀರಿಕೊಂಡ ಮೇಲೆ ಅದನ್ನು ಇಳಿಸಿ ನೋಡಿದಾಗ ಸಿಕ್ಕಿದ್ದು ಒಂದು ಇಳಕಲ್ ಸೀರೆ, ಎರಡು ಹಿತ್ತಾಳೆಯ ಲೋಟ, ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಕಾಗದ. ಬಿಡಿಸಿ ನೋಡಿದೆ. ೧೯೬೦ರ ಸಾಲಪತ್ರ. ಒಂಬೈನೂರು ರೂಪಾಯಿ ರೊಕ್ಕ ಕೈಗೆ ಮುಟ್ಟಿದೆಯೆಂದು ಬರೆದು, ಕೆಳಗೆ ಅಜ್ಜನ ಎಡಗೈ ಹೆಬ್ಬೆಟ್ಟನ್ನು ಒತ್ತಿಸಿದ್ದಾರೆ.

ಅಜ್ಜಿ ಹೇಳುತ್ತಿದ್ದ ಕಥೆಯೇ ಬೇರೆ. ಹರಿಹರದ ಹತ್ತಿರ ಹೊಳೆಯಂಚಿನ ನಮ್ಮ ಊರಿನಿಂದ ಅಜ್ಜ ೧೯೫೭ರಲ್ಲಿ ದಾವಣಗೆರೆಯ ಪೇಟೆಗೆ ಹೋಗಿ, ಒಂದು ಜೊತೆ ಎತ್ತಿಗಾಗಿ ಐನೂರು ರೂಪಾಯಿ ಸಾಲ ಕೇಳಿದ. ಪತ್ರ ಐನೂರಕ್ಕೇ ಆಯಿತು. ಆದರೆ ಮೊದಲ ಬಡ್ಡಿಯನ್ನು ಮುರಿದುಕೊಂಡು ಕೈಗೆ ಕೊಟ್ಟದ್ದು ನಾನೂರ ಐವತ್ತು. ಸುಗ್ಗಿ ಸುಗ್ಗಿಗೂ ಅಜ್ಜ ಹತ್ತಿಯ ಅಂಡಿಗೆಯನ್ನು ಅದೇ ಅಂಗಡಿಗೆ ಹಾಕಿ ಬರುತ್ತಿದ್ದ. ಕೊಟ್ಟ ಹಣಕ್ಕೆ ಚೀಟಿ ಕೇಳಿದರೆ, "ಕೀರ್ದೀಲಿ ಬರ್ಕಂಡೀನಿ ಬಿಡಪ್ಪಾ, ನಿನ್ನ ದುಡ್ಡು ಎಲ್ಲಿಗೆ ಹೋಗುತ್ತೆ?" ಎಂಬ ಉತ್ತರ. ಮೂರು ವರ್ಷವಾಗುತ್ತಲೇ ಹಳೆಯ ಪತ್ರವನ್ನು ಹರಿದು ಹೊಸ ಪತ್ರ ಬರೆಸಿದರು. ಐನೂರು ಒಂಬೈನೂರಾಗಿತ್ತು. ಮತ್ತೆ ಮೂರು ವರ್ಷಕ್ಕೆ ಎರಡೆಕರೆ ಎರೆಹೊಲವನ್ನು ಬಿಟ್ಟುಕೊಟ್ಟು ಅಜ್ಜ ಋಣಮುಕ್ತನಾದ. ಪತ್ರವನ್ನು ಆಗ ವಾಪಸು ಕೊಟ್ಟರು.

ನಾನು ಆ ಕಾಗದವನ್ನು ತಿರುವಿ ನೋಡಿದೆ. ಬೆನ್ನು ಬರಿದಾಗಿತ್ತು. ಆರು ಸುಗ್ಗಿಯ ಹತ್ತಿಯ ಲೆಕ್ಕ ಅಲ್ಲಿ ಒಂದಕ್ಷರವೂ ಇರಲಿಲ್ಲ. ಅಜ್ಜ ಓದು ಬಲ್ಲವನಲ್ಲ; ಅಪ್ಪ ಓದಿದ್ದರೂ ಅದನ್ನು ತೆಗೆದು ನೋಡುವ ಮನಸ್ಸು ಅವನಿಗಿರಲಿಲ್ಲ. ನೋಡಿದವನು ನಾನು; ನೋಡಿದ್ದು ಅರವತ್ತು ವರ್ಷ ತಡವಾಗಿ.

ಸಾಲದ ಸಂಕಟವನ್ನು ಕುರಿತ ಸರ್ವಜ್ಞನ ತ್ರಿಪದಿ ಓದುಗರಿಗೆಲ್ಲ ಬಾಯಿಪಾಠವಾಗಿರುವುದರಿಂದ ಅದನ್ನು ಇಲ್ಲಿ ಬರೆಯಬೇಕಾಗಿಲ್ಲ. ಅದು ಸಾಲಗಾರನ ಮನಸ್ಸಿನ ಮಾತು. ನಾನು ಹೇಳಹೊರಟಿರುವುದು ಸಾಲದ ಕಾಗದದ ಮಾತು. ಅದರಲ್ಲಿಯೂ ಕಾಗದದ ಬೆನ್ನಿನ ಮಾತು. ಸಾಲ ಕೊಡುವವನ ಮೋಸ ಯಾವ ಕಾಲದಲ್ಲಿಯೂ ಬಡ್ಡಿಯ ದರದಲ್ಲಿ ಮಾತ್ರ ಅಡಗಿರಲಿಲ್ಲ. ಲೆಕ್ಕ ಒಬ್ಬನ ಕೈಯಲ್ಲಿಯೇ ಉಳಿಯುವುದರಲ್ಲಿ ಅಡಗಿತ್ತು. ಇದನ್ನು ನಮ್ಮ ಹಿಂದಿನವರು ಚೆನ್ನಾಗಿ ಬಲ್ಲವರಾಗಿದ್ದರು.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಆಳಿದ್ದು ೧೦೭೬ರಿಂದ ೧೧೨೬ರವರೆಗೆ. ನಮ್ಮ ದಾವಣಗೆರೆ ಹರಿಹರದ ನೆಲವೂ ಆಗ ಆ ರಾಜ್ಯಕ್ಕೆ ಸೇರಿತ್ತು. ಉಚ್ಚಂಗಿಯ ಪಾಂಡ್ಯರು ಸಾಮಂತರಾಗಿ ಇಲ್ಲಿ ಆಳಿದರು. ಆ ದೊರೆಯ ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದ. ಇಂದಿನ ಬಸವಕಲ್ಯಾಣದಲ್ಲಿ ಹುಟ್ಟಿದ ಈ ಗ್ರಂಥವನ್ನು ಮುಂದೆ ಇಂಗ್ಲಿಷರ ನ್ಯಾಯಾಲಯಗಳು ಕೂಡ ಹಿಂದೂ ದಾಯಭಾಗದ ವಿಷಯದಲ್ಲಿ ಪ್ರಮಾಣವಾಗಿ ಹಿಡಿದವು. ಆಸ್ತಿ ಹಂಚಿಕೆಗಾಗಿ ಅದರ ಹೆಸರನ್ನು ಕೇಳಿದವರು ಬಹಳ ಮಂದಿ. ಅದರ ಋಣದ ಪ್ರಕರಣವನ್ನು ಓದಿದವರು ಕಡಿಮೆ.

ಸಾಲಪತ್ರ ಹೇಗಿರಬೇಕೆಂಬುದನ್ನು ಅಲ್ಲಿ ಬಿಡಿಸಿ ಹೇಳಿದೆ. ವರ್ಷ, ಮಾಸ, ಪಕ್ಷ, ದಿನ ಇರಬೇಕು. ಕೊಟ್ಟವನ, ಕೊಂಡವನ ಹೆಸರಿನೊಡನೆ ತಂದೆಯ ಹೆಸರೂ ಇರಬೇಕು. ಬರೆದು ಮುಗಿದ ಮೇಲೆ ಸಾಲಗಾರ, ಮೇಲೆ ಬರೆದದ್ದಕ್ಕೆ ತನ್ನ ಒಪ್ಪಿಗೆಯಿದೆ ಎಂದು ಸ್ವಹಸ್ತದಿಂದ ಬರೆಯಬೇಕು. ಸಾಕ್ಷಿಗಳೂ ತಮ್ಮ ಕೈಯಿಂದ ಬರೆಯಬೇಕು. ಕೊನೆಗೆ ಬರೆದವನು ತಾನು ಬರೆದೆನೆಂದು ಹೇಳಬೇಕು. ಬಲಾತ್ಕಾರದಿಂದಲೋ ಕಪಟದಿಂದಲೋ ಬರೆಸಿಕೊಂಡ ಪತ್ರ ಪ್ರಮಾಣವಲ್ಲ. ಕಂತಿನಲ್ಲಿ ತೀರಿಸುವವನು ಕೊಟ್ಟದ್ದನ್ನು ಕೊಟ್ಟಾಗಲೆಲ್ಲ ಪತ್ರದ ಬೆನ್ನ ಮೇಲೆ ಬರೆಯಬೇಕು. ಇಲ್ಲವಾದರೆ ಸಾಲ ಕೊಟ್ಟವನು ತನ್ನ ಕೈಬರಹದ ರಸೀತಿಯನ್ನು ಕೊಡಬೇಕು. ಸಾಲ ತೀರಿದ ಮೇಲೆ ಪತ್ರವನ್ನು ಹರಿಯಬೇಕು, ಅಥವಾ ತೀರಿತೆಂಬುದಕ್ಕೆ ಬೇರೊಂದು ಪತ್ರವನ್ನು ಮಾಡಿಸಿಕೊಳ್ಳಬೇಕು. ಸಾಕ್ಷಿಗಳ ಎದುರಿಗೆ ತಂದ ಸಾಲವನ್ನು ಸಾಕ್ಷಿಗಳ ಎದುರಿಗೇ ತೀರಿಸಬೇಕು.

ಒಂಬೈನೂರು ವರ್ಷಗಳ ಹಿಂದೆ ಕನ್ನಡನಾಡಿನ ರಾಜಧಾನಿಯಲ್ಲಿ ಕುಳಿತು ಪಂಡಿತನೊಬ್ಬ ವಿವರಿಸಿದ ಈ ನಿಯಮಗಳಲ್ಲಿ ಒಂದನ್ನು ಪಾಲಿಸಿದ್ದರೂ ನಮ್ಮ ಎರಡೆಕರೆ ಹೊಲ ಉಳಿಯುತ್ತಿತ್ತೋ ಏನೋ.

ಹಾಗೆಂದು ಹಿಂದಿನದೆಲ್ಲ ಚಿನ್ನವೆಂದು ಹೇಳುವುದು ಸಲ್ಲದು. 'ಬಡ್ಡಿ' ಎಂಬ ನಮ್ಮ ಮಾತು ಸಂಸ್ಕೃತದ 'ವೃದ್ಧಿ'ಯಿಂದ ಬಂದದ್ದು. ಅಡವಿಟ್ಟ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತನೆಯ ಒಂದು ಪಾಲು, ಅಂದರೆ ವರ್ಷಕ್ಕೆ ನೂರಕ್ಕೆ ೧೫, ಧರ್ಮವಾದ ಬಡ್ಡಿ ಎಂದು ಸ್ಮೃತಿ ಹೇಳುತ್ತದೆ. ಆದರೆ ಅಡವಿಲ್ಲದ ಸಾಲಕ್ಕೆ ವರ್ಣಕ್ರಮದಲ್ಲಿ ತಿಂಗಳಿಗೆ ನೂರಕ್ಕೆ ೨, ೩, ೪, ೫ ಎಂದು ದರವನ್ನು ಏರಿಸುತ್ತ ಹೋಗುತ್ತದೆ. ಅಂತೂ ಕೆಳಗಿದ್ದವನಿಗೆ ಹೆಚ್ಚು ಬಡ್ಡಿ. ಅಡವಿಡಲು ಏನೂ ಇಲ್ಲದವನೇ ಹೆಚ್ಚು ತೆರಬೇಕೆಂಬ ನ್ಯಾಯ ಅಂದೂ ಇತ್ತು, ಇಂದೂ ಇದೆ. ಪತ್ರದ ನಿಯಮ ಎಷ್ಟು ಒಳ್ಳೆಯದಾದರೂ ಅಕ್ಷರ ಬಲ್ಲವರು ಕೆಲವರೇ ಆಗಿದ್ದ ಸಮಾಜದಲ್ಲಿ ಅದರ ಫಲವನ್ನು ಉಂಡವರೂ ಕೆಲವರೇ.

ದಾವಣಗೆರೆ ಬೆಳೆದದ್ದೇ ವ್ಯಾಪಾರದಿಂದ. ಬೇತೂರಿಗೆ ಸೇರಿದ ಸಣ್ಣ ಹಳ್ಳಿಯಾಗಿದ್ದ ಇದನ್ನು ಹೈದರಾಲಿ ಒಬ್ಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ವರ್ತಕರನ್ನು ಕರೆದು ನೆಲೆಗೊಳಿಸಿದ. ನಗರದ ಸೀಮೆಯ ಅಡಿಕೆ ಮೆಣಸುಗಳು ದಾವಣಗೆರೆಯ ವರ್ತಕರ ಕೈಯಿಂದ ಪೂರ್ವದ ವಾಲಾಜಾಪೇಟೆಯವರೆಗೂ ಹೋಗುತ್ತಿದ್ದವು. ಆಮೇಲೆ ಹತ್ತಿ ಬಂತು. ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಗಿರಣಿ ಬಂತು. ಇಂಥ ಊರು ಉದ್ದರಿಯಿಲ್ಲದೆ ಒಂದು ದಿನವೂ ನಡೆಯದು. ಉದ್ದರಿಯೆಂಬುದು ನಂಬಿಕೆಯ ಇನ್ನೊಂದು ಹೆಸರು. ಮಂಡಿಪೇಟೆಯ ವರ್ತಕ ಇನ್ನೊಬ್ಬ ವರ್ತಕನಿಗೆ ಬಾಯಿಮಾತಿನಲ್ಲಿ ಕೊಟ್ಟ ಹಣ ಹೊತ್ತಿಗೆ ಸರಿಯಾಗಿ ಬರುತ್ತಿತ್ತು; ಏಕೆಂದರೆ ಇಬ್ಬರ ಮನೆಯಲ್ಲಿಯೂ ಕೀರ್ದಿಯಿತ್ತು, ಇಬ್ಬರಿಗೂ ಓದುಬರಹ ತಿಳಿದಿತ್ತು. ಅದೇ ಬಾಯಿಮಾತು ವರ್ತಕನಿಗೂ ರೈತನಿಗೂ ನಡುವೆ ಬಂದಾಗ ಕೀರ್ದಿ ಒಂದೇ ಆಯಿತು.

ಇಂಗ್ಲಿಷರ ಕಾಲದಲ್ಲಿ ಈ ಒಂಟಿ ಕೀರ್ದಿಗೆ ನ್ಯಾಯಾಲಯದ ಬಲ ಕೂಡಿತು. ಕರಾರಿನಲ್ಲಿ ಬರೆದದ್ದೇ ಸತ್ಯವೆಂದು ಹಿಡಿಯುವ ಕೋರ್ಟುಗಳು ಬಂದವು. ೧೮೫೯ರಲ್ಲಿ ಕಾಲಮಿತಿಯ ಕಾಯಿದೆಯೊಂದು ಬಂತು: ಸಾಲಪತ್ರಕ್ಕೆ ಮೂರು ವರ್ಷ ಆಯುಸ್ಸು. ಬಡ್ಡಿ ಬೆಳೆಯದಿರಲೆಂದು ಮಾಡಿದ ಈ ಕಾಯಿದೆ ತಿರುಗುಬಾಣವಾಯಿತು. ಮೂರು ವರ್ಷಕ್ಕೊಮ್ಮೆ ಸಾಹುಕಾರ ಹೊಸ ಪತ್ರ ಬರೆಸುತ್ತಿದ್ದ. ನಿಂತ ಬಡ್ಡಿ ಹೊಸ ಪತ್ರದಲ್ಲಿ ಅಸಲಾಗಿ, ಅದಕ್ಕೆ ಮತ್ತೆ ಬಡ್ಡಿ ಹುಟ್ಟುತ್ತಿತ್ತು. ಬಡ್ಡಿ ಅಸಲನ್ನು ಮೀರಬಾರದೆಂಬ 'ದಾಮದುಪ್ಪಟ್ಟಿ'ನ ಹಳೆಯ ನ್ಯಾಯವನ್ನೂ ಇದೇ ಉಪಾಯ ಹಾರಿಸಿಕೊಂಡು ಹೋಯಿತು. ನಮ್ಮ ಅಜ್ಜನ ಐನೂರು ಒಂಬೈನೂರಾದ ಬಗೆ ನೂರು ವರ್ಷಗಳ ಅಭ್ಯಾಸ.

೧೮೭೫ರ ಮೇ ೧೨ರಂದು ಪುಣೆ ಜಿಲ್ಲೆಯ ಸೂಪೆಯ ಸಂತೆಯಲ್ಲಿ ರೈತರು ಎದ್ದರು. ಈ ದಂಗೆಯಲ್ಲಿ ಗಮನಿಸಬೇಕಾದದ್ದು ಒಂದಿದೆ. ಅವರು ಮುಖ್ಯವಾಗಿ ಕೇಳಿದ್ದು ಜೀವವನ್ನಲ್ಲ, ಕಾಗದವನ್ನು. ಸಾಹುಕಾರರ ಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಕಿತ್ತುಕೊಂಡು ಸುಟ್ಟರು. ಶತ್ರು ಎಲ್ಲಿದ್ದಾನೆಂಬುದು ಓದು ಬಾರದ ಆ ರೈತರಿಗೆ ಗೊತ್ತಿತ್ತು. ಸರಕಾರ ಆಯೋಗವನ್ನು ನೇಮಿಸಿತು. ೧೮೭೯ರಲ್ಲಿ ದಖನ್ ರೈತರ ಪರಿಹಾರದ ಕಾಯಿದೆ ಬಂತು. ಪತ್ರದಲ್ಲಿ ಬರೆದ ಮೊತ್ತವನ್ನು ಕಣ್ಣುಮುಚ್ಚಿ ನಂಬದೆ, ಅದರ ಹಿಂದಿನ ವ್ಯವಹಾರವನ್ನೆಲ್ಲ ಮೊದಲಿನಿಂದ ಕೆದಕಿ ನೋಡುವ ಅಧಿಕಾರ ನ್ಯಾಯಾಧೀಶನಿಗೆ ಬಂತು. ಕೊಟ್ಟ ಹಣಕ್ಕೆ ರಸೀತಿ, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿ, ಬೇಕೆಂದರೆ ಪಾಸುಪುಸ್ತಕ ಇವುಗಳನ್ನು ಪಡೆಯುವ ಹಕ್ಕು ರೈತನಿಗೆ ಸಿಕ್ಕಿತು. ಮಿತಾಕ್ಷರೆಯ 'ಪತ್ರದ ಬೆನ್ನು' ಪಾಸುಪುಸ್ತಕವಾಗಿ ತಿರುಗಿ ಬಂದಂತಾಯಿತು.

ಮೊದಲು ನಾಲ್ಕು ಜಿಲ್ಲೆಗಳಿಗೆ ಬಂದ ಈ ಕಾಯಿದೆ ಮುಂದೆ ಮುಂಬಯಿ ಪ್ರಾಂತದ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಹರಿಹರದ ಸೇತುವೆಯ ಮೇಲೆ ನಿಂತರೆ ಆಚೆ ದಡ ಆಗ ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ಈಚೆ ದಡ ಮೈಸೂರು ಸಂಸ್ಥಾನ. ಹೊಳೆ ಒಂದೇ, ಮಾತು ಒಂದೇ, ಸಾಲದ ಕಾಯಿದೆ ಮಾತ್ರ ಎರಡು. ಮೈಸೂರಿನಲ್ಲಿ ರೈತರ ಪರಿಹಾರದ ಕಾಯಿದೆ ಬಂದದ್ದು ೧೯೨೮ರಲ್ಲಿ, ಅರ್ಧ ಶತಮಾನದ ತರುವಾಯ.

ಆದರೆ ಕಾಯಿದೆಗಿಂತ ದೊಡ್ಡ ಔಷಧ ನಮ್ಮ ಹಳ್ಳಿಯೊಂದರಲ್ಲಿ ಹುಟ್ಟಿತು. ೧೯೦೪ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆಯಾದ ಮರುವರ್ಷವೇ, ಆಗ ಧಾರವಾಡ ಜಿಲ್ಲೆಯಲ್ಲಿದ್ದ, ಈಗ ಗದಗಿಗೆ ಸೇರಿರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಗ್ರಾಮೀಣ ಪತ್ತಿನ ಸಂಘವೊಂದನ್ನು ಕಟ್ಟಿದರು. ದೇಶದಲ್ಲಿಯೇ ಮೊದಲನೆಯದೆಂದು ಅದು ಹೆಸರಾಯಿತು. ಅದೇ ೧೯೦೫ರಲ್ಲಿ ಮೈಸೂರು ಸಂಸ್ಥಾನವೂ ತನ್ನ ಸಹಕಾರಿ ರೆಗ್ಯುಲೇಷನ್ನನ್ನು ತಂದಿತು. ಸಹಕಾರದ ದೊಡ್ಡತನ ಕಡಿಮೆ ಬಡ್ಡಿ ಮಾತ್ರವಲ್ಲ. ಲೆಕ್ಕವನ್ನು ಸದಸ್ಯರ ಸಭೆಯಲ್ಲಿ ಓದಬೇಕು. ಕೀರ್ದಿಯನ್ನು ಹೊರಗಿನವನೊಬ್ಬ ಬಂದು ತಪಾಸಣೆ ಮಾಡಬೇಕು. ಓದು ಬಾರದವನಿಗೂ ನೆರೆಯವನ ಕಿವಿ ಕಣ್ಣುಗಳ ಸಹಾಯ ಸಿಕ್ಕಿತು. ಸಭೆಗೆ ಯಾರೂ ಹೋಗದೆ ಲೆಕ್ಕವನ್ನು ಕೇಳದೆ ಬಿಟ್ಟ ಕಡೆಗಳಲ್ಲಿ ಸಹಕಾರಿ ಸಂಘಗಳೂ ಮುಳುಗಿದ್ದುಂಟು. ಅದೂ ಇದೇ ಪಾಠ.

ಏಕೀಕರಣವಾದ ಮೇಲೆ ನಮ್ಮ ರಾಜ್ಯ ೧೯೬೧ರಲ್ಲಿ ಲೇವಾದೇವಿದಾರರ ಕಾಯಿದೆಯನ್ನೂ ಗಿರವಿದಾರರ ಕಾಯಿದೆಯನ್ನೂ ಮಾಡಿತು. ಲೇವಾದೇವಿ ಮಾಡುವವನು ಲೈಸೆನ್ಸು ಪಡೆಯಬೇಕು, ಲೆಕ್ಕ ಇಡಬೇಕು, ರಸೀತಿ ಕೊಡಬೇಕು. ಮುಟ್ಟಿದ ಮೊತ್ತವನ್ನು ಬಿಟ್ಟು ಬೇರೆ ಮೊತ್ತವನ್ನು ಬರೆಸಿಕೊಳ್ಳುವುದೂ ಖಾಲಿ ಜಾಗ ಬಿಟ್ಟ ಕಾಗದಕ್ಕೆ ರುಜು ಹಾಕಿಸಿಕೊಳ್ಳುವುದೂ ನಿಷಿದ್ಧ. ಅಜ್ಜನ ಪತ್ರಕ್ಕೆ ಹೆಬ್ಬೆಟ್ಟು ಬಿದ್ದ ಮರುವರ್ಷವೇ ಇದಾಯಿತು. ದೇವರಾಜ ಅರಸರ ಕಾಲದಲ್ಲಿ, ೧೯೭೬ರಲ್ಲಿ, ಸಣ್ಣ ರೈತರ, ಭೂಹೀನ ಕೂಲಿಗಾರರ, ಬಡವರ ಸಾಲಗಳನ್ನು ತೊಡೆಯುವ ಕಾಯಿದೆ ಬಂತು. ೨೦೦೪ರಲ್ಲಿ ವಿಪರೀತ ಬಡ್ಡಿಯನ್ನು ನಿಷೇಧಿಸುವ ಮತ್ತೊಂದು ಕಾಯಿದೆಯಾಯಿತು. ಲೇವಾದೇವಿದಾರ ವರ್ಷಕ್ಕೆ ಭದ್ರತೆಯುಳ್ಳ ಸಾಲಕ್ಕೆ ಶೇಕಡ ೧೪, ಭದ್ರತೆಯಿಲ್ಲದ ಸಾಲಕ್ಕೆ ಶೇಕಡ ೧೬ನ್ನು ಮೀರಬಾರದೆಂದು ಗೊತ್ತುಮಾಡಲಾಗಿದೆ. ಸ್ಮೃತಿಯ ೧೫ಕ್ಕೆ ಇದು ಎಷ್ಟು ಹತ್ತಿರ, ನೋಡಿ. ನಮ್ಮ ಪೇಟೆಯಲ್ಲಿ ಸಲೀಸಾಗಿ ಆಡುವ 'ಮೂರು ರೂಪಾಯಿ ಬಡ್ಡಿ' ಎಂಬ ಮಾತಿನ ಅರ್ಥ ವರ್ಷಕ್ಕೆ ಶೇಕಡ ೩೬.

ಇನ್ನು ದಿನದ ವಸೂಲಿಯ ಲೆಕ್ಕ. ತಳ್ಳುಗಾಡಿಯವರೂ ಮಂಡಕ್ಕಿ ಮಾರುವವರೂ ಕೊಳ್ಳುವ ಸಾಲ ಇದು: ಒಂಬತ್ತು ಸಾವಿರ ಕೈಗೆ, ದಿನಕ್ಕೆ ನೂರರಂತೆ ನೂರು ದಿನ. ಸಾವಿರ ರೂಪಾಯಿ ತಾನೆ ಹೆಚ್ಚು ಕೊಡುವುದು ಎನ್ನಿಸುತ್ತದೆ. ಆದರೆ ಆ ಒಂಬತ್ತು ಸಾವಿರ ನೂರು ದಿನವೂ ನಮ್ಮ ಕೈಯಲ್ಲಿರುವುದಿಲ್ಲ. ಮೊದಲ ದಿನದಿಂದಲೇ ಕರಗುತ್ತ ಹೋಗುತ್ತದೆ. ಸರಾಸರಿ ಹಿಡಿದರೆ ಸುಮಾರು ನಾಲ್ಕೂವರೆ ಸಾವಿರಕ್ಕೆ ನೂರು ದಿನದ ಬಡ್ಡಿ ಸಾವಿರ. ವರ್ಷದ ಲೆಕ್ಕಕ್ಕೆ ತಂದರೆ ಶೇಕಡ ೭೫ಕ್ಕೂ ಮೇಲೆ.

ಈಗ ಕಾಗದದ ಕಾಲವೂ ಹೋಯಿತು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಮೂರು ವಾರ ಕಾಲೇಜಿಗೆ ಬರಲಿಲ್ಲ. ಕರೆಸಿ ಕೇಳಿದೆ. ಬಹಳ ಹೊತ್ತು ನೆಲ ನೋಡುತ್ತ ನಿಂತಿದ್ದು, "ಸರ್, ಅಮ್ಮಂಗೆ ಹೇಳಬೇಡಿ" ಎಂದಳು. ಫೀಜು ಕಟ್ಟಲು ಮೊಬೈಲಿನ ಒಂದು ಆ್ಯಪಿನಿಂದ ಏಳು ಸಾವಿರ ಸಾಲ ಮಾಡಿದ್ದಳು. ಖಾತೆಗೆ ಬಂದದ್ದು ನಾಲ್ಕು ಸಾವಿರದ ಇನ್ನೂರು. ಉಳಿದದ್ದು ಯಾವುದೋ ಶುಲ್ಕವೆಂದು ಮುರಿದುಕೊಂಡಿದ್ದರು. ವಾಯಿದೆ ಏಳು ದಿನ. ಎಂಟನೆಯ ದಿನದಿಂದ ಬೆದರಿಕೆ. ಒಂದು ಸಾಲವನ್ನು ತೀರಿಸಲು ಇನ್ನೊಂದು. ತಾಯಿಯ ಓಲೆಯನ್ನು ಗಿರವಿ ಇಟ್ಟು ಹನ್ನೊಂದು ಸಾವಿರ ಕಟ್ಟಿದ್ದಳು. ಇನ್ನೂ ಒಂಬತ್ತು ಸಾವಿರ ಬಾಕಿ ಎನ್ನುತ್ತಿದ್ದರು. ಫೋನಿನಲ್ಲಿದ್ದ ಹೆಸರುಗಳಿಗೆಲ್ಲ ಅವಳ ಚಿತ್ರವನ್ನು ಕೆಡಿಸಿ ಕಳಿಸುವುದಾಗಿ ಹೇಳಿದ್ದರು. ಇಬ್ಬರು ಗೆಳತಿಯರಿಗೆ ಕಳಿಸಿಯೂ ಇದ್ದರು.

"ನೀನು ಏನಕ್ಕೆ ಒಪ್ಪಿಗೆ ಕೊಟ್ಟಿದ್ದೆ? ಕರಾರು ಎಲ್ಲಿ?" ಎಂದು ಕೇಳಿದೆ. ಫೋನನ್ನು ತೋರಿಸಿದಳು. ಆ್ಯಪೇ ಮಾಯವಾಗಿತ್ತು. ಅಜ್ಜನ ಪತ್ರಕ್ಕೆ ಬೆನ್ನು ಬರಿದಾಗಿದ್ದರೂ ಮುಖವಾದರೂ ಇತ್ತು. ಈ ಹುಡುಗಿಯ ಪತ್ರಕ್ಕೆ ಮುಖವೂ ಇರಲಿಲ್ಲ.

ಉಪಾಯಗಳನ್ನು ಎಣಿಸಿ ನೋಡಿ: ಬರೆದದ್ದು ಹೆಚ್ಚು, ಕೊಟ್ಟದ್ದು ಕಡಿಮೆ, ಸಾಲವನ್ನು ಸಾಲದಿಂದಲೇ ತೀರಿಸಿ ಬಡ್ಡಿಯನ್ನು ಅಸಲು ಮಾಡುವುದು, ಕಟ್ಟಿದ್ದಕ್ಕೆ ಗುರುತಿಲ್ಲ. ಮೂರೂ ಅಜ್ಜನ ಕಾಲದವೇ. ಹೊಸದೆಂದರೆ ಮರ್ಯಾದೆಯನ್ನು ಅಡವಿಡಿಸಿಕೊಂಡದ್ದು. ತಾಯಿಗೆ ಹೇಳಿದೆವು. ಅವರು ಮಗಳನ್ನು ಬೈಯಲಿಲ್ಲ. "ನನಗೆ ಮೊದಲೇ ಹೇಳಬಾರದಿತ್ತೇನವ್ವಾ" ಎಂದರು, ಅಷ್ಟೆ. ೧೯೩೦ಕ್ಕೆ ಫೋನು ಮಾಡಿ, ದೂರು ಕೊಟ್ಟು, ಬಂಧುಗಳಿಗೆಲ್ಲ ನಾವೇ ಮೊದಲು ವಿಷಯವನ್ನು ತಿಳಿಸಿದೆವು. ಗುಟ್ಟು ಹೋದ ಮೇಲೆ ಬೆದರಿಕೆಗೆ ಬಲವಿರಲಿಲ್ಲ. ಕೆಲವೇ ದಿನಗಳಲ್ಲಿ ಕರೆಗಳು ನಿಂತವು. ಕಟ್ಟಿದ ಹಣ ಮಾತ್ರ ಬರಲಿಲ್ಲ.

ಕಾಯಿದೆಗಳು ಈಚೆಗೆ ಈ ಕಡೆಗೂ ಕಣ್ಣು ತೆರೆದಿವೆ. ರಿಸರ್ವ್ ಬ್ಯಾಂಕು ೨೦೨೨ರಲ್ಲಿ ಮಾಡಿದ ನಿಯಮದಂತೆ ಫೋನಿನ ಮೂಲಕ ಕೊಡುವ ಸಾಲ, ಸಾಲ ಕೊಡುವ ಸಂಸ್ಥೆಯ ಖಾತೆಯಿಂದ ನೇರವಾಗಿ ನಮ್ಮ ಖಾತೆಗೆ ಬರಬೇಕು. ಎಲ್ಲ ಶುಲ್ಕವನ್ನೂ ಸೇರಿಸಿ ವರ್ಷಕ್ಕೆ ಎಷ್ಟು ಬಡ್ಡಿಯಾಗುತ್ತದೆಂಬುದನ್ನು ಒಂದು ಮುಖ್ಯಾಂಶಗಳ ಪತ್ರದಲ್ಲಿ ಮೊದಲೇ ತೋರಿಸಬೇಕು. ಫೋನಿನಲ್ಲಿರುವ ಹೆಸರುಗಳ ಪಟ್ಟಿಗೂ ಚಿತ್ರಗಳಿಗೂ ಆ್ಯಪು ಕೈಹಾಕುವಂತಿಲ್ಲ. ೨೦೨೫ರ ಜುಲೈಯಿಂದ, ನಿಯಮಕ್ಕೊಳಪಟ್ಟ ಸಂಸ್ಥೆಗಳ ಆ್ಯಪುಗಳ ಪಟ್ಟಿಯನ್ನು ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿಯೇ ನೋಡಬಹುದು. ಮಹಿಳಾ ಗುಂಪುಗಳಿಗೆ ಕೊಡುವ ಕಿರುಸಾಲಕ್ಕೆ ಅಡವು ಕೇಳುವಂತಿಲ್ಲ. ಸಾಲಗಾರರಿಗೆ ತಿಳಿಯುವ ಭಾಷೆಯ ಸಾಲದ ಕಾರ್ಡು ಕೊಡಬೇಕು. ಬೆಳಿಗ್ಗೆ ೯ಕ್ಕೆ ಮೊದಲು, ಸಂಜೆ ೬ರ ಮೇಲೆ ವಸೂಲಿಗೆ ಕರೆ ಮಾಡುವಂತಿಲ್ಲ. ಸಾಲ ತೀರಿದ ೩೦ ದಿನದೊಳಗೆ ಆಸ್ತಿಪತ್ರವನ್ನು ಹಿಂದಿರುಗಿಸದೆ ಸಂಸ್ಥೆಯೇ ತಡಮಾಡಿದರೆ ದಿನಕ್ಕೆ ೫,೦೦೦ ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ ೨೦೨೩ರ ಡಿಸೆಂಬರಿನಿಂದ ಇದೆ. ವಸೂಲಿಯ ಹಿಂಸೆಯಿಂದ ಜನ ಊರು ಬಿಡುವಂತಾದಾಗ ನಮ್ಮ ರಾಜ್ಯ ೨೦೨೫ರ ಫೆಬ್ರವರಿಯಲ್ಲಿ ಕಿರುಸಾಲದ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆಯನ್ನು ಹೊರಡಿಸಿತು. ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ.

ಆದರೆ ಇತಿಹಾಸ ಹೇಳುವುದೇನು? ಕಾಯಿದೆ ಹೊಲ ಹೋದ ಮೇಲೆ ಬರುತ್ತದೆ. ಬಂದ ಮೇಲೆಯೂ, ಕೈಯಲ್ಲಿ ಲೆಕ್ಕವಿದ್ದವನಿಗೇ ಅದು ಒದಗುತ್ತದೆ. ಆದ್ದರಿಂದ ಗೃಹಸ್ಥರು ಮಾಡಬೇಕಾದದ್ದು ಬಹಳವಿಲ್ಲ. ಕೈಗೆ ಬಂದದ್ದೆಷ್ಟು, ಒಟ್ಟು ಕಟ್ಟಬೇಕಾದದ್ದೆಷ್ಟು ಎಂಬ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆಯಿರಿ. ಸಾಲ ಕೊಡಲು ಮೊದಲು ಶುಲ್ಕ ಕಟ್ಟಿ ಎನ್ನುವ ಅಪರಿಚಿತನಿಗೆ ಒಂದು ಕಾಸನ್ನೂ ಕೊಡಬೇಡಿ. ಅವನ ಬಳಿ ಕೊಡಲು ಸಾಲವೇ ಇರುವುದಿಲ್ಲ. ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ರುಜು ಹಾಕಬೇಡಿ. ಕಟ್ಟಿದಾಗಲೆಲ್ಲ ಗುರುತು ಪಡೆಯಿರಿ; ತೀರಿದ ಮೇಲೆ ತೀರಿತೆಂಬ ಪತ್ರವನ್ನು ಪಡೆಯಿರಿ. "ಇವತ್ತೇ, ಈಗಲೇ" ಎಂದು ಆತುರಪಡಿಸುವವನಿಗೆ "ಮನೆಯಲ್ಲಿ ಕೇಳಿ ಹೇಳುತ್ತೇನೆ" ಎನ್ನಿ. ಸಾಲವನ್ನು ಮನೆಯವರಲ್ಲೊಬ್ಬರಿಗೆ ತಿಳಿಸಿಯೇ ಮಾಡಿ. ಸ್ಮೃತಿಕಾರ ಸಾಕ್ಷಿ ಎಂದದ್ದು ಇದನ್ನೇ.

ಆ ಹುಡುಗಿ ಈಗ ಹರಿಹರದಲ್ಲಿ ಕೆಲಸಕ್ಕಿದ್ದಾಳೆ. ಅವಳ ತಾಯಿ ಗುಂಪಿನ ಸಾಲ ಪಡೆದಿದ್ದಾರೆ. ಪ್ರತಿ ಕಂತು ಕಟ್ಟಿ ಬಂದ ರಾತ್ರಿ ಆಕೆ ಕಾರ್ಡನ್ನು ಮಗಳ ಮುಂದಿಟ್ಟು, "ಏನು ಬರೆದಾರೆ, ಓದು" ಎನ್ನುತ್ತಾರಂತೆ. ಮಗಳು ಗಟ್ಟಿಯಾಗಿ ಓದುತ್ತಾಳೆ. ಇದನ್ನು ಕೇಳಿದ ದಿನ ನಾನು ಅಜ್ಜನ ಪತ್ರವನ್ನು ಮತ್ತೊಮ್ಮೆ ತೆಗೆದು ನೋಡಿ, ಮಡಿಸಿ, ಅದೇ ಬಟ್ಟೆಯಲ್ಲಿ ಸುತ್ತಿಟ್ಟೆ.